ರಸ್ತೆ ಬಂದ್ ಅಂತ ಕಾರು ತಿರುಗಿಸುವ ಜಾಗದಲ್ಲೇ ಹೇಳಿ: ಗಡಿಯ ಎರಡೂ ಕಡೆಯ ಅಧಿಕಾರಿಗಳಿಗೆ ಬಹಿರಂಗ ಪತ್ರ

ಕಾಸರಗೋಡಿನಿಂದ ಕೊಡಗಿನವರೆಗೆ ಬೆಟ್ಟದ ರಸ್ತೆ, ಪ್ರವಾಸ ಮತ್ತು ವಿಪತ್ತು ನಿರ್ವಹಣೆಯ ಹೊಣೆ ಹೊತ್ತಿರುವ, ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಒಬ್ಬ ಅಡಿಕೆ ಕೃಷಿಕ. ಕಾರು ಓಡಿಸುತ್ತೇನೆ, ಅದೂ ಮಳೆಗಾಲದಲ್ಲೇ ಜಾಸ್ತಿ. ಯಾಕೆ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಜಡಿಮಳೆ ಹಿಡಿದರೆ ತೋಟಕ್ಕೆ ಮದ್ದು ಬಿಡಲೂ ಆಗುವುದಿಲ್ಲ, ಮನೆಯೊಳಗೆ ಕೂತಿರಲೂ ಆಗುವುದಿಲ್ಲ. ಬೆಟ್ಟವೇನೂ ದೂರ ಇಲ್ಲ. ಬಂದಡ್ಕ ದಾಟಿ ಕೋಳಿಚ್ಚಾಲಿಗೆ ಹೋಗಿ ಅಲ್ಲಿಂದ ಎಡಕ್ಕೆ ಹಿಡಿದರೆ ರಾಣಿಪುರಂ, ಪಾಣತ್ತೂರು, ಕರಿಕೆ, ಭಾಗಮಂಡಲ. ಆದೂರಿನ ದಾರಿಯಾಗಿ ಜಾಲ್ಸೂರಿಗೆ ಹೋದರೆ ಸುಳ್ಯ, ಸಂಪಾಜೆ, ಮಡಿಕೇರಿ. ಬೆಳಿಗ್ಗೆ ತಿಂಡಿ ತಿಂದು ಹೊರಟವರು ಮಂಜು ನೋಡಿ, ಬಿಸಿ ಕಾಫಿ ಕುಡಿದು, ಕತ್ತಲೆಗೆ ಮೊದಲು ಮನೆಗೆ ಬರಬಹುದು.

ಈಗ ಈ ದಾರಿಗಳಲ್ಲಿ ನಾವು ಊರಿನವರು ಮಾತ್ರ ಇಲ್ಲ. ಶನಿವಾರ ಬಂತೆಂದರೆ ಕೋಝಿಕ್ಕೋಡು, ಕಣ್ಣೂರಿನ ಕಾರುಗಳು ಮೇಲೆ ಹತ್ತುತ್ತವೆ. ಮಂಗಳೂರು, ಪುತ್ತೂರು, ಬೆಂಗಳೂರಿನ ಕಾರುಗಳು ರಾಣಿಪುರಂ ಬೆಟ್ಟ ಹುಡುಕಿಕೊಂಡು ಕೆಳಗೆ ಬರುತ್ತವೆ. ಪ್ರವಾಸಿಗರ ಜೊತೆಗೆ ಮದುವೆಗೆ, ಆಸ್ಪತ್ರೆಗೆ, ತಲಕಾವೇರಿಗೆ ಹೋಗುವವರೂ ಇದ್ದಾರೆ. "ಮಳೆಗಾಲದಲ್ಲಿ ಬೆಟ್ಟಕ್ಕೆ ಯಾಕೆ ಹೋಗ್ತೀರಿ, ಮನೆಯಲ್ಲಿರಿ" ಎಂಬ ಉತ್ತರ ಬಹಳ ಸುಲಭ. ದಯವಿಟ್ಟು ಅದನ್ನು ಕೊಡಬೇಡಿ. ಬಾ ಬಾ ಎಂದು ಜಾಹೀರಾತು ಕೊಟ್ಟು ಕರೆಯುವುದೂ ಇದೇ ಮಳೆಗಾಲಕ್ಕೇ ಅಲ್ವಾ?

ಈ ಸಲದ ಆಟಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಪಾಣತ್ತೂರು ಕಳೆದು, ರಾಜ್ಯದ ಗಡಿ ದಾಟಿ, ಕರಿಕೆಯಿಂದ ಮೇಲೆ ಕಾಡಿನ ರಸ್ತೆಯಲ್ಲಿ ಏರುತ್ತಿದ್ದೆವು. ವೈಪರ್ ಪೂರ್ತಿ ವೇಗದಲ್ಲಿ ಓಡುತ್ತಿದ್ದರೂ ಮುಂದೆ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ತಿರುವು ಕಳೆದದ್ದೇ ರಸ್ತೆಗೆ ಅಡ್ಡವಾಗಿ ಎರಡು ಟಾರ್ ಡಬ್ಬ, ನಡುವೆ ನೀಲಿ ಪ್ಲಾಸ್ಟಿಕ್ ಹಗ್ಗ. ಹಗ್ಗಕ್ಕೆ ಯಾವುದೋ ಕಾರ್ಯಕ್ರಮದ ಹಳೆಯ ಬ್ಯಾನರನ್ನು ಮಗುಚಿ ಕಟ್ಟಿದ್ದರು. ಅದರ ಬಿಳಿ ಬದಿಯಲ್ಲಿ ಕೆಂಪು ಪೈಂಟಿನಿಂದ 'ಬರೆ ಕುಸಿದಿದೆ, ರಸ್ತೆ ಬಂದ್' ಎಂದು ಬರೆದಿತ್ತು. ಬರೆ ಅಂದರೆ ರಸ್ತೆ ಬದಿಯ ಕಡಿದ ಗುಡ್ಡ. ಅರ್ಧ ಅಕ್ಷರ ಮಳೆಗೆ ಇಳಿದುಹೋಗಿತ್ತು. ಹತ್ತಿರ ಯಾರೂ ಇರಲಿಲ್ಲ.

ನಮ್ಮ ಹಿಂದೆಯೇ ಕೆಎಲ್ 11 ನಂಬರಿನ ಕಾರೊಂದು ಬಂದು ನಿಂತಿತು. ಗಂಡ, ಹೆಂಡತಿ, ಅವಳ ತೊಡೆಯಲ್ಲಿ ಮಗು, ಹಿಂದಿನ ಸೀಟಿನಲ್ಲಿ ಅಜ್ಜಿ. ಕೋಝಿಕ್ಕೋಡಿನವರು, ಕನ್ನಡ ಓದಲು ಬಾರದು. ಏನು ಬರೆದಿದ್ದಾರೆ ಅಂತ ಕೇಳಿದರು. ನಾನು ಮಲಯಾಳದಲ್ಲಿ ಹೇಳಿದೆ. ಆತ ಒಂದು ನಿಮಿಷ ಸುಮ್ಮನಿದ್ದು, "ಇದನ್ನು ಪಾಣತ್ತೂರಿನಲ್ಲೇ ಹೇಳಬಹುದಿತ್ತಲ್ಲ?" ಅಂದರು. ಅವರ ಆ ಒಂದು ಪ್ರಶ್ನೆಯನ್ನು ನಿಮಗೆ ಮುಟ್ಟಿಸುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಒಂದು ಬದಿ ನೆಟ್ಟಗೆ ಕಡಿದ ಗುಡ್ಡ, ಇನ್ನೊಂದು ಬದಿ ಆಳದ ಕಣಿವೆ. ಹಿಂದಿನ ಅಗಲ ತಿರುವಿನವರೆಗೂ ಎರಡೂ ಕಾರು ರಿವರ್ಸ್ ಬರಬೇಕಾಯಿತು. ನನ್ನ ತಮ್ಮನ ಮಗ ಕೊಡೆ ಹಿಡಿದು ಇಳಿದ. ಗಾಳಿಗೆ ಕೊಡೆ ಮಗುಚಿತು. ಅದನ್ನು ಕಾರಿನೊಳಗೆ ಬಿಸಾಡಿ, ಮೊಬೈಲ್ ಟಾರ್ಚ್ ಹಿಡಿದುಕೊಂಡು ಹಿಂದಿನ ಚಕ್ರಗಳನ್ನೇ ನೋಡುತ್ತಾ ನಡೆದ. ಒಮ್ಮೆ ಕೋಝಿಕ್ಕೋಡಿನ ಕಾರಿನ ಚಕ್ರಕ್ಕೂ ರಸ್ತೆಯ ಅಂಚಿಗೂ ನಡುವೆ ಒಂದು ಗೇಣು ಉಳಿದಿತ್ತು. ಹುಡುಗ "ನಿಲ್ಲಿ ನಿಲ್ಲಿ" ಅಂತ ಕೂಗಿ ಬಾನೆಟ್ ಬಡಿದ. ಮೇಲಿನ ಗುಡ್ಡದಿಂದ ಕೆಂಪು ನೀರು ಇಳಿಯುತ್ತಿತ್ತು. ನೀರಿನ ಜೊತೆ ಗೋಲಿ ಗಾತ್ರದ ಕಲ್ಲುಗಳು ಉರುಳಿ ನಮ್ಮ ಕಾರಿನ ಮೇಲೆ ಟಕ್ ಟಕ್ ಎಂದು ಬೀಳುತ್ತಿದ್ದವು. ಕಾರಿನೊಳಗಿನ ಅಜ್ಜಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು.

ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಇದು ಪೇಪರಿನಲ್ಲಿ ಬರಲಿಲ್ಲ, ನಿಮ್ಮ ಯಾವ ಕಡತದಲ್ಲೂ ಸೇರಿರಲಿಕ್ಕಿಲ್ಲ.

ರಸ್ತೆ ಮುಚ್ಚಿದ್ದಕ್ಕೆ ನನ್ನ ತಕರಾರು ಇಲ್ಲ. ಮುಚ್ಚಲೇಬೇಕು. ಈ ಗುಡ್ಡಗಳು ಏನು ಮಾಡಬಲ್ಲವು ಅಂತ ನಾವು ನೋಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಜರಿದು ಸಂಪಾಜೆ–ಮಡಿಕೇರಿ ಹೆದ್ದಾರಿ ಕಡಿದುಹೋಯಿತು. 2019ರಲ್ಲಿ ಚಾರ್ಮಾಡಿ ಘಾಟಿಯ ಸರದಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಮೇಲಿನ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲಕ್ಕೆ ಏನಾಯಿತೆಂದು ದೇಶಕ್ಕೇ ಗೊತ್ತು. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ 2025ರ ಜುಲೈಯಲ್ಲಿ ವೀರಮಲೆ ಗುಡ್ಡ ಹೆದ್ದಾರಿಗೇ ಇಳಿಯಿತು. ಇಷ್ಟಾದ ಮೇಲೂ 'ಯಾಕೆ ಮುಚ್ಚಿದ್ದು' ಎಂದು ಕೇಳುವವನು ನಾನಲ್ಲ. ಮುಚ್ಚಿದ್ದನ್ನು ಎಲ್ಲಿ ನಿಂತು ಹೇಳಿದಿರಿ, ಯಾರಿಗೆ ಓದಲು ಬರುವ ಹಾಗೆ ಹೇಳಿದಿರಿ, ಇಷ್ಟೇ ನನ್ನ ಪ್ರಶ್ನೆ.

ಒಮ್ಮೆ ನಮ್ಮ ದಾರಿಗಳನ್ನು ಮನಸ್ಸಿನಲ್ಲೇ ಓಡಿಸಿ ನೋಡಿ. ಸಂಪಾಜೆ ಘಾಟಿ ಬಂದ್ ಆಗಿದೆ ಅಂತ ಚೆರ್ಕಳದಲ್ಲಿ ಗೊತ್ತಾದರೆ ನನಗೆ ಹತ್ತು ದಾರಿ ಇದೆ. ಪಾಣತ್ತೂರಿನ ಕಡೆಯಿಂದ ಹೋಗಬಹುದು. ಕೆಳಗೆ ಇರಿಟ್ಟಿಗೆ ಹೋಗಿ ಮಾಕುಟ್ಟ ಘಾಟಿಯಲ್ಲಿ ವಿರಾಜಪೇಟೆಗೆ ಏರಬಹುದು. ಯಾವುದೂ ಬೇಡವೆಂದು ಬೇಕಲಕ್ಕೆ ಹೋಗಿ ಕಡಲು ನೋಡಿ ಬರಬಹುದು. ಜಾಲ್ಸೂರಿನಲ್ಲಿ ಗೊತ್ತಾದರೂ ಪರವಾಗಿಲ್ಲ, ಸುಳ್ಯದಲ್ಲಿ ಊಟ ಮಾಡಿ ಮರಳಬಹುದು. ಅದೇ ಸುದ್ದಿ ಘಾಟಿಯ ಒಳಗೆ, ಮಣ್ಣು ಬಿದ್ದ ಜಾಗದಿಂದ ಕೂಗಳತೆಯಲ್ಲಿ ಸಿಕ್ಕರೆ ಅದರಿಂದ ಏನು ಪ್ರಯೋಜನ? ಮುಂದೆ ಮಣ್ಣು, ಹಿಂದೆ ವಾಹನಗಳ ಸಾಲು, ಮೇಲೆ ಇನ್ನೂ ಜರಿಯಬಹುದಾದ ಗುಡ್ಡ. ಕೋಳಿಚ್ಚಾಲ್, ಪಾಣತ್ತೂರು, ಜಾಲ್ಸೂರು, ಚೆರ್ಕಳ, ಮೇಲಿನಿಂದ ಇಳಿಯುವವರಿಗೆ ಮಡಿಕೇರಿ, ಭಾಗಮಂಡಲ, ವಿರಾಜಪೇಟೆ. ಇವು ಮನಸ್ಸು ಬದಲಾಯಿಸಲು ಅವಕಾಶ ಇರುವ ಜಾಗಗಳು. ಬೋರ್ಡು ಇರಬೇಕಾದದ್ದು ಇಲ್ಲಿ. ಟಾರ್ ಡಬ್ಬ ಘಾಟಿಯಲ್ಲೇ ಇರಲಿ, ಬೇಡ ಅನ್ನುವುದಿಲ್ಲ.

ಇನ್ನು ಭಾಷೆ. ಇದು ಕಾಸರಗೋಡಿನ ಕನ್ನಡಿಗನ ಎಂದಿನ ರಾಗ ಅಂತ ಪತ್ರ ಮಡಚಿ ಇಡಬೇಡಿ. ಈ ವಿಷಯದಲ್ಲಿ ಎರಡೂ ಕಡೆಗೂ ಸಮನಾಗಿ ಹೇಳುವುದಿದೆ.

ಗಡಿಯ ಆಚೆ, ಕರಿಕೆಯಿಂದ ಮೇಲೆ, ತುರ್ತಿನ ಬೋರ್ಡುಗಳು ಕನ್ನಡದಲ್ಲಿ ಮಾತ್ರ. ಆ ರಸ್ತೆಗೆ ಬರುವ ಕಾರುಗಳಲ್ಲಿ ಕೇರಳದ ನಂಬರಿನವು ಎಷ್ಟಿವೆ ಅಂತ ಒಂದು ಗಂಟೆ ನಿಂತು ನೋಡಿದರೆ ಸಾಕು. ಗಡಿಯ ಈಚೆ ನಾನು ಕಂಡವು ಮಲಯಾಳದಲ್ಲಿ ಇರುತ್ತವೆ, ಹೆಚ್ಚೆಂದರೆ ಜೊತೆಗೆ ಇಂಗ್ಲಿಷ್. ರಾಣಿಪುರಂಗೆ ಬರುವ ಪುತ್ತೂರಿನವರಿಗೆ, ಸುಳ್ಯದವರಿಗೆ ಅದು ಓದಲು ಬಾರದು. ಅವರನ್ನು ಬಿಡಿ. ನಮ್ಮ ಮುಳ್ಳೇರಿಯ, ಬದಿಯಡ್ಕ, ಪೈವಳಿಕೆ ಕಡೆಯ ಹಿರಿಯರು ಹುಟ್ಟಿದಾಗ ಇದು ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಬೆಳಗಾಗುವಾಗ ಕೇರಳ. ಅವರು ಮಲಯಾಳ ಮಾತಾಡುತ್ತಾರೆ, ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ, ಜಗಳವನ್ನೂ ಮಾಡುತ್ತಾರೆ. ಆದರೆ ಮಳೆ ನೀರು ಹರಿಯುವ ಗಾಜಿನಾಚೆ, ನಲವತ್ತರ ವೇಗದಲ್ಲಿ, ಒಂದು ಮಲಯಾಳ ವಾಕ್ಯ ಓದಿ ಮುಗಿಸುವಾಗ ಬೋರ್ಡು ಹಿಂದೆ ಹೋಗಿರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ನನ್ನ ವಯಸ್ಸಿನವರದೂ ಅದೇ ಪಾಡು.

ಎರಡು ಲಿಪಿಯಲ್ಲಿ ಬರೆಯಲು ಎರಡು ಪಟ್ಟು ಪೈಂಟ್ ಬೇಕು ಅಷ್ಟೆ. ಬರೆಯುವವರಿಗೂ ಬರ ಇಲ್ಲ. ಪಾಣತ್ತೂರಿನ ಯಾವ ಅಂಗಡಿಯಲ್ಲಿ ಕೇಳಿದರೂ ಎರಡೂ ಭಾಷೆ ಗೊತ್ತಿರುವ ಒಬ್ಬರು ಸಿಗುತ್ತಾರೆ. ಓದಲು ಬಾರದವರೂ ಇದ್ದಾರೆ, ಅವರಿಗೆ ಅಡ್ಡಗೆರೆ ಎಳೆದ ಒಂದು ಕಾರಿನ ಚಿತ್ರ ಸಾಕು.

ಇನ್ನೊಂದು ಸಂಗತಿ ಇದೆ. ನನ್ನ ಲೆಕ್ಕದಲ್ಲಿ ಅದು ಇದಕ್ಕಿಂತ ದೊಡ್ಡದು. ಬೋರ್ಡು ಹಾಕಿದವರು ತೆಗೆಯುವುದಿಲ್ಲ. ಮಣ್ಣು ತೆರವಾಗಿ ವಾರ ಕಳೆದರೂ 'ರಸ್ತೆ ಬಂದ್' ಅಲ್ಲೇ ನೇತಾಡುತ್ತಿರುತ್ತದೆ. ಹೋದ ವರ್ಷದ ಫ್ಲೆಕ್ಸು ಈ ವರ್ಷದ ಮಳೆಗೂ ನೆನೆಯುವುದನ್ನು ನೋಡಿದ್ದೇನೆ. ಊರಿನವರು ಡಬ್ಬ ಸರಿಸಿ, ಹಗ್ಗ ಎತ್ತಿ, ದಿನಾ ಓಡಾಡುತ್ತಾರೆ. ಅವರನ್ನು ನೋಡಿ ಹೊರಗಿನವರೂ ನುಗ್ಗುತ್ತಾರೆ. ನಿಜವಾಗಿ ಗುಡ್ಡ ಜರಿದ ದಿನವೂ ಹಾಗೆಯೇ ನುಗ್ಗುತ್ತಾರೆ. ತಪ್ಪು ಅವರದೊಂದೇ ಅನ್ನಲು ನನ್ನಿಂದಾಗದು. ಬೋರ್ಡಿನ ಮೂಲೆಯಲ್ಲಿ ದಿನಾಂಕ, ಹೊತ್ತು ಬರೆಯಿರಿ. 'ಇಂದು ಬೆಳಿಗ್ಗೆ 7 ಗಂಟೆಗೆ ನೋಡಿದ್ದು' ಅಂತ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಜನ ನಂಬುತ್ತಾರೆ. ರಸ್ತೆ ತೆರೆದಾಗಲೂ ಅಷ್ಟೇ ಜೋರಾಗಿ ಹೇಳಿ. ಬಂದ್ ಆಗಿದೆ ಎಂಬ ಸುದ್ದಿ ಮೊಬೈಲ್‌ನಿಂದ ಮೊಬೈಲಿಗೆ ತಿಂಗಳುಗಟ್ಟಲೆ ತಿರುಗುತ್ತದೆ, ತೆರೆದಿದೆ ಎಂಬ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಇದರಲ್ಲಿ ಪೆಟ್ಟು ತಿನ್ನುವುದು ಘಾಟಿಯ ಬದಿಯಲ್ಲಿ ಚಹಾ, ಜೋಳ ಮಾರುವವರು, ಹೋಮ್‌ಸ್ಟೇ ಇಟ್ಟುಕೊಂಡವರು.

ನೀವು ಹೇಳದಿದ್ದಾಗ ಜನ ಯಾರನ್ನು ಕೇಳುತ್ತಾರೆ? ಗೂಗಲ್ ಮ್ಯಾಪನ್ನು. ಅದರ ಕಥೆ ನಮ್ಮ ನೆರೆಯಲ್ಲೇ ಆಗಿದೆ. 2024ರ ಜೂನ್ ಕೊನೆಯಲ್ಲಿ, ಬೆಳಗಿನ ಕತ್ತಲಲ್ಲಿ, ಕರ್ನಾಟಕದ ಆಸ್ಪತ್ರೆಗೆ ಹೊರಟಿದ್ದ ಇಬ್ಬರು ಯುವಕರು ಮ್ಯಾಪ್ ತೋರಿಸಿದ ದಾರಿಯಲ್ಲೇ ಹೋಗಿ ಪಳ್ಳಂಜಿಯಲ್ಲಿ ಹೊಳೆಗೆ ಇಳಿದುಬಿಟ್ಟರು. ತಡೆಗೋಡೆ ಇಲ್ಲದ ಸಂಕ, ಅಂದರೆ ಸಣ್ಣ ಸೇತುವೆ, ಅದರ ಮೇಲೆ ನೀರು. ಕಾರು ಕೊಚ್ಚಿಹೋಗಿ ಮರಕ್ಕೆ ಸಿಕ್ಕಿಕೊಂಡಿತು. ಇಬ್ಬರೂ ಹೇಗೋ ಹೊರಬಂದು ಗಿಡಮರ ಹಿಡಿದು ನಿಂತು ಫೋನ್ ಮಾಡಿದರು. ಅಗ್ನಿಶಾಮಕ ದಳದವರು ಹಗ್ಗ ಹಾಕಿ ಎಳೆದರು. ಮ್ಯಾಪಿಗೆ ಅದು ರಸ್ತೆ. ನಮಗೆ ಅದು ಬೇಸಗೆಯಲ್ಲಿ ಮಾತ್ರ ರಸ್ತೆ. ಇಂಥ ಸಂಕ, ಮುಳುಗುವ ಸೇತುವೆ ನಮ್ಮ ಕಡೆ ಎಲ್ಲೆಲ್ಲಿ ಇವೆ ಎಂಬುದು ಪ್ರತಿ ಪಂಚಾಯತಿಗೂ ಬಾಯಿಪಾಠ. ಆ ಪಟ್ಟಿಯನ್ನು ಮಳೆ ಹಿಡಿಯುವ ಮೊದಲು ಮ್ಯಾಪಿನವರಿಗೆ ತಲುಪಿಸುವವರು ಯಾರು? ಅಷ್ಟು ಹೊತ್ತಿಗೆ ಸಂಕದ ಎರಡೂ ಕಡೆ ಒಂದು ಸರಪಳಿ ಹಾಕುವವರು ಯಾರು?

ಫೋನ್ ಮಾಡಿ ಕೇಳಬಹುದಲ್ಲ ಎನ್ನುತ್ತೀರಿ. ಜಿಲ್ಲಾ ವಿಪತ್ತು ಸಹಾಯವಾಣಿ 1077 ಇದೆ, ನನಗೂ ಗೊತ್ತು. ಆದರೆ ಮೊಬೈಲ್‌ನಿಂದ ಸರಿಯಾದ ಜಿಲ್ಲೆಯ ಕಂಟ್ರೋಲ್ ರೂಮ್ ಸಿಗಬೇಕಾದರೆ ನಂಬರಿಗೆ ಮೊದಲು ಎಸ್‌ಟಿಡಿ ಕೋಡ್ ಸೇರಿಸಬೇಕು. ನಮ್ಮ ಒಂದು ದಿನದ ಪ್ರಯಾಣದಲ್ಲಿ ಕಾಸರಗೋಡಿಗೆ 04994, ಸುಳ್ಯ ಸೇರಿದ ದಕ್ಷಿಣ ಕನ್ನಡಕ್ಕೆ 0824, ಕೊಡಗಿಗೆ 08272. ಮಳೆಯಲ್ಲಿ ಸಿಕ್ಕಿಬಿದ್ದ ಕೋಝಿಕ್ಕೋಡಿನ ಮನುಷ್ಯ ಇದನ್ನೆಲ್ಲ ಎಲ್ಲಿಂದ ತರಬೇಕು? ಕರಿಕೆ ಮೇಲೆ ಹೋದರೆ ರೇಂಜೇ ಇರುವುದಿಲ್ಲ. ಗಡಿಯಲ್ಲಿ ಮೊಬೈಲು ಒಮ್ಮೆ ಈ ಕಡೆಯ ಟವರ್ ಹಿಡಿಯುತ್ತದೆ, ಒಮ್ಮೆ ಆ ಕಡೆಯದು. ಒಂದು ಸಲ ನಾನು ಕೊಡಗಿನ ರಸ್ತೆ ಬಗ್ಗೆ ಕೇಳಲು ಹೋಗಿ, ಫೋನ್ ಎತ್ತಿದವರು "ಅದು ನಮ್ಮ ಜಿಲ್ಲೆ ಅಲ್ಲ" ಅಂತ ಇಟ್ಟುಬಿಟ್ಟರು. ಮಳೆ ಎರಡೂ ಜಿಲ್ಲೆಗೆ ಒಂದೇ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ, ಸುಳ್ಯ ದಾಟಿ ಬಂದು ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಸಂಪಾಜೆ ಕಡೆ ಜೋರು ಮಳೆ ಎಂದರೆ ನಮ್ಮ ಹೊಳೆಬದಿಯವರು ದನ ಬಿಚ್ಚಿ ಮೇಲೆ ಕಟ್ಟುತ್ತಾರೆ. ಅವರಿಗೆ ಆ ಸುದ್ದಿ ಕೊಡುವುದು ಸುಳ್ಯದ ನೆಂಟರು, ಕಚೇರಿಗಳಲ್ಲ.

ಬಣ್ಣದ ಅಲರ್ಟುಗಳ ಬಗ್ಗೆಯೂ ಒಂದು ಮಾತು. ಹಳದಿ, ಕಿತ್ತಳೆ, ಕೆಂಪು ಈಗ ಮಕ್ಕಳಿಗೂ ಗೊತ್ತು. 24 ಗಂಟೆಯಲ್ಲಿ 64.5 ಮಿಲಿಮೀಟರ್ ಆದರೆ ಭಾರೀ ಮಳೆ, 115.6 ಆದರೆ ಅತಿ ಭಾರೀ, 204.5 ಆದರೆ ಅದಕ್ಕೂ ಮೇಲಿನದು. ಸರಿ. ಆದರೆ ಈ ಬಣ್ಣ ಇಡೀ ಜಿಲ್ಲೆಗೆ ಒಂದು. ಕಾರು ಜಿಲ್ಲೆಯಲ್ಲಿ ಓಡುವುದಿಲ್ಲ, ರಸ್ತೆಯಲ್ಲಿ ಓಡುತ್ತದೆ. ಕಾಸರಗೋಡಿಗೆ ಹಳದಿ, ಕೊಡಗಿಗೆ ಕೆಂಪು ಇದ್ದ ದಿನ, ನಮ್ಮ ಸುದ್ದಿಯಲ್ಲಿ ಹಳದಿ ನೋಡಿ ಹೊರಟವನು ಎರಡು ಗಂಟೆಯಲ್ಲಿ ಕೆಂಪಿನೊಳಗೆ ಇರುತ್ತಾನೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. ರಾಣಿಪುರಂನದೂ ಇಂಥದ್ದೇ ಅವಸ್ಥೆ. ಮಳೆ ಜೋರಾದರೆ ಬೆಟ್ಟ ಹತ್ತಲು ಬಿಡುವುದಿಲ್ಲ, ಅದು ಸರಿಯಾದ ತೀರ್ಮಾನವೇ. ಆದರೆ ಜನ ಅಷ್ಟು ದೂರದಿಂದ ಬಂದು, ಉಂಬಳಕ್ಕೆಂದು (ಜಿಗಣೆಗೆ) ಉಪ್ಪು–ಹೊಗೆಸೊಪ್ಪಿನ ಪೊಟ್ಟಣ ಸಮೇತ ತಯಾರಾಗಿ, ಗೇಟಿನ ಎದುರು ನಿಂತ ಮೇಲೆ ಸುದ್ದಿ ಸಿಗುತ್ತದೆ.

ಮೊದಲೇ ಹೇಳುವುದು ಆಗದ ಕೆಲಸವೇನಲ್ಲ. 2023ರಲ್ಲಿ ಒಂದು ದಿನ ನಮ್ಮೆಲ್ಲರ ಮೊಬೈಲು ಒಟ್ಟಿಗೇ ಕಿರುಚಿದ್ದು ನಿಮಗೂ ನೆನಪಿರಬಹುದು. ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಟವರಿನ ಸುತ್ತ ಯಾರೆಲ್ಲ ಇದ್ದಾರೋ ಅವರಿಗೆಲ್ಲ ಹೋಗುವ ಸಂದೇಶ, ನಂಬರ್ ಯಾವ ರಾಜ್ಯದ್ದಾದರೂ ಸರಿ. ಘಾಟಿ ಮುಚ್ಚಿದ ದಿನ ಪಾಣತ್ತೂರು, ಜಾಲ್ಸೂರು, ಸುಳ್ಯದ ಟವರುಗಳಿಂದ ಎರಡು ಭಾಷೆಯಲ್ಲಿ ಎರಡು ಸಾಲು ಕಳಿಸಿದರೆ ಸಾಕು. ಇದ್ದ ಸೌಕರ್ಯವನ್ನೇ ಬಳಸಿ ಅನ್ನುತ್ತಿದ್ದೇನೆ, ಹೊಸತು ಕೇಳುತ್ತಿಲ್ಲ.

ನೆರೆಯ ತಮಿಳುನಾಡನ್ನೂ ನೋಡಿ. ಊಟಿ, ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರಲ್ಲಿ ಇಷ್ಟೇ ವಾಹನ ಅಂತ ಮಿತಿಯನ್ನೂ ಹಾಕಿದರು. ಊಟಿಗೆ ಮಾಮೂಲಿ ದಿನಗಳಲ್ಲಿ 6000, ವಾರದ ಕೊನೆಗೆ 8000. ಅದು ನೂಕುನುಗ್ಗಲು ತಡೆಯಲು ಮಾಡಿದ್ದು, ಮಳೆಗೆ ಅಂತ ಅಲ್ಲ. ಕಿರಿಕಿರಿ ಅಂತ ಬೈದವರೂ ಇದ್ದಾರೆ. ನಮ್ಮ ಸಣ್ಣ ರಸ್ತೆಗಳಿಗೆ ಪಾಸ್ ಬೇಕೆಂದು ನಾನು ಹೇಳುವುದಿಲ್ಲ, ಖಂಡಿತ ಬೇಡ. ಭಾಗಮಂಡಲದ ನೆಂಟರ ಮನೆಗೆ ಹೋಗಲು ಪಾಸ್ ಕೇಳಿದರೆ ಮೊದಲು ಜಗಳಕ್ಕೆ ಬರುವವನು ನಾನೇ. ಆದರೆ ಮನೆಯಿಂದ ಹೊರಡುವ ಮೊದಲೇ ಚಾಲಕನ ಮೊಬೈಲಿಗೆ ಬೆಟ್ಟದ ಸುದ್ದಿ ತಲುಪಿಸುವುದು ಒಂದು ಸರಕಾರದಿಂದ ಸಾಧ್ಯ ಎಂಬುದಂತೂ ಅಲ್ಲಿ ಗೊತ್ತಾಯಿತು.

ಬೇರೆ ರಾಜ್ಯದ ಕಚೇರಿ ಜೊತೆ ಮಾತಾಡುವುದು ಕಷ್ಟ, ಮೇಲಿನಿಂದ ಅನುಮತಿ ಬೇಕು ಅನ್ನಬಹುದು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿದ್ದಾಗ ಕೇರಳದ ಒಬ್ಬ ಲಾರಿ ಚಾಲಕನೂ ಮಣ್ಣಿನೊಂದಿಗೆ ಹೊಳೆ ಸೇರಿದ. ಆಮೇಲೆ ಎರಡೂ ರಾಜ್ಯದ ಶಾಸಕರು, ಅಧಿಕಾರಿಗಳು, ಸೇನೆ, ಮುಳುಗುಗಾರರು ಗಂಗಾವಳಿ ದಂಡೆಯಲ್ಲಿ ಒಟ್ಟಿಗೆ ನಿಂತರು. ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ಅಷ್ಟು ದಿನ ಎರಡು ರಾಜ್ಯ ಮಾತಾಡಿಕೊಂಡವು.  ಆ ಮಾತುಕತೆ ಮೇ ತಿಂಗಳಲ್ಲೇ, ಗುಡ್ಡ ಜರಿಯುವ ಮೊದಲೇ ಶುರುವಾಗಲಿ.

ಬೋರ್ಡು, ಫೋನು ಎಲ್ಲ ಸರಿಹೋದರೂ ರಸ್ತೆಯ ಬದಿಯ ಮಣ್ಣು ಅದೇ ಇರುತ್ತದೆ. ನಾನು ಎಂಜಿನಿಯರ್ ಅಲ್ಲ. ಆದರೆ ಬಾವಿ ತೋಡಿಸಿದ್ದೇನೆ, ತೋಟದ ಬರೆ ಕಡಿಸಿದ್ದೇನೆ. ನಮ್ಮ ಕಡೆ ಮೇಲೆ ಗಟ್ಟಿ ಮುರಕಲ್ಲು ಇದ್ದರೂ ಕೆಳಗೆ ಶೇಡಿಮಣ್ಣು. ಒಣಗಿದಾಗ ಅದು ಚೆನ್ನಾಗಿ ನಿಲ್ಲುತ್ತದೆ. ನೀರು ಕುಡಿದರೆ ದೋಸೆ ಹಿಟ್ಟಿನ ಹಾಗೆ ಜಾರುತ್ತದೆ. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು, ಮೇಲಿನ ನೀರು ಹೋಗಲು ಕಣಿ ತೋಡದೆ ಬಿಟ್ಟರೆ ಆಮೇಲೆ ಬೇರೆ ಏನಾಗುತ್ತದೆ? ಹಳೆಯವರು ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು, ನೆತ್ತಿಯಲ್ಲಿ ಒಂದು ಕಣಿ ಬಿಡುತ್ತಿದ್ದರು. ಮೇ ಕೊನೆಯ ಪತ್ತನಾಜೆ ಕಳೆದ ಕೂಡಲೇ ತೋಟದವರು ಹಾರೆ ಹಿಡಿದು ಕಣಿ ಬಿಡಿಸುತ್ತಾರೆ. ರಸ್ತೆ ಬದಿಯ ಚರಂಡಿ ಬಿಡಿಸಲು ಮಾತ್ರ ಜುಲೈಯಲ್ಲಿ ಜೆಸಿಬಿ ಬರುತ್ತದೆ, ಅದೂ ಮಣ್ಣು ಬಿದ್ದ ಮೇಲೆ. ಪಾಣತ್ತೂರಿನ ಇಳಿಜಾರಿನ ಅಪಾಯಕ್ಕೆ ಮಳೆಯೇ ಬೇಕಂತಿಲ್ಲ. 2021ರ ಜನವರಿ 3ರಂದು ಮದುವೆಗೆ ಹೊರಟಿದ್ದ ಬಸ್ಸು ಅಲ್ಲಿ ಮನೆಯೊಂದರ ಮೇಲೆ ಉರುಳಿ ಏಳು ಜನ ತೀರಿಹೋದರು. ಆಗ ಮಳೆಯೂ ಇರಲಿಲ್ಲ, ಮಂಜೂ ಇರಲಿಲ್ಲ. ಅದೇ ಇಳಿಜಾರಿನಲ್ಲಿ ಆಟಿಯ ಸಂಜೆ, ಊರು ಗೊತ್ತಿಲ್ಲದ ಚಾಲಕ ಇಳಿಯುವುದನ್ನು ಊಹಿಸಿ.

ಕಾರಿನಲ್ಲಿ ಬರುವವರಿಗೂ ಎರಡು ಮಾತು ಹೇಳದಿದ್ದರೆ ಪತ್ರ ಒಂದೇ ಕಡೆಗೆ ವಾಲಿದಂತಾಗುತ್ತದೆ. ಝರಿ ಕಂಡಲ್ಲೆಲ್ಲ ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. ಗುಡ್ಡದಿಂದ ಬರುವ ನೀರು ತಿಳಿಯಾಗಿದ್ದದ್ದು ಒಮ್ಮೆಲೇ ಕೆಂಪಾದರೆ, ಮರ ರಸ್ತೆಗೆ ವಾಲಿದ್ದರೆ, ಅಲ್ಲಿ ನಿಲ್ಲಬೇಡಿ. ಪೊಸಡಿಗುಂಪೆಯಂಥ ಬೋಳು ಗುಡ್ಡದ ತುದಿಯಲ್ಲಿ ಸಿಡಿಲು ಶುರುವಾದ ಮೇಲೆ ಸೆಲ್ಫಿ ಬೇಡ. ಬಿಯರ್ ಬಾಟಲಿ ನಿಮ್ಮ ಊರಿಗೇ ವಾಪಸ್ ಹೋಗಲಿ. ಹೆಚ್ಚು ಹೇಳುವುದಿಲ್ಲ, ಈ ಪತ್ರ ನಿಮಗೆ ಬರೆದದ್ದಲ್ಲ.

ಮಾನ್ಯರೇ, ಕೇಳುವುದನ್ನು ನೇರವಾಗಿ ಕೇಳಿಬಿಡುತ್ತೇನೆ. ಮುಂದಿನ ಮಳೆಗಾಲಕ್ಕೆ ಮೊದಲು, ಮೇಲೆ ಹೇಳಿದ ಕವಲು ರಸ್ತೆಗಳಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಒಂದೊಂದು ಖಾಯಂ ಫಲಕ ನಿಲ್ಲಿಸಿ. ಅದರಲ್ಲಿ ಸಂಪಾಜೆ, ಕರಿಕೆ–ಭಾಗಮಂಡಲ, ಮಾಕುಟ್ಟ ಮೂರು ದಾರಿಗಳ ಹೆಸರು ಬರೆದು, ಎದುರಿಗೆ ತೆರೆದಿದೆ ಅಥವಾ ಮುಚ್ಚಿದೆ ಅಂತ ದಿನಾ ಬದಲಾಯಿಸುವ ಹಲಗೆ ಇರಲಿ. ಬದಲಾಯಿಸುವ ಹೊಣೆ ಇಂಥವರದು ಅಂತ ಹೆಸರು ಹೇಳಿ ವಹಿಸಿ. ಪಾಣತ್ತೂರಿನ ಒಬ್ಬ ಆಟೋ ಚಾಲಕನಿಗೋ ಚಹಾ ಅಂಗಡಿಯವನಿಗೋ ಸಣ್ಣ ಗೌರವಧನ ಕೊಟ್ಟರೂ ಆ ಕೆಲಸ ನಿಮಗಿಂತ ಚೆನ್ನಾಗಿ ನಡೆಯುತ್ತದೆ. ರಸ್ತೆ ಯಾವ ಜಿಲ್ಲೆಯದ್ದಾದರೂ ಉತ್ತರ ಕೊಡುವ ಒಂದೇ ಫೋನ್ ನಂಬರ್ ಕೊಡಿ, ಎಸ್‌ಟಿಡಿ ಕೋಡಿನ ಗೋಜಿಲ್ಲದ್ದು. ಭಾರೀ ವಾಹನ ನಿಷೇಧದ ಆದೇಶಗಳು ಆ ಕಡೆ ಕನ್ನಡದಲ್ಲಿ ಹೊರಟ ದಿನವೇ ಈ ಕಡೆ ಮಲಯಾಳದಲ್ಲೂ ಬರಲಿ, ಈ ಕಡೆಯವು ಆ ಕಡೆಗೂ ಹೋಗಲಿ. ಮಣ್ಣು ಬಿದ್ದಲ್ಲಿ ಬರೀ ಡಬ್ಬ ಇಟ್ಟು ಹೋಗದೆ, ಹಗಲು ಹೊತ್ತಿನಲ್ಲಾದರೂ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಘಾಟಿಯೊಳಗೆ ಅಲ್ಲಲ್ಲಿ ಕಾರು ತಿರುಗಿಸುವಷ್ಟು ಅಗಲದ ಜಾಗ ಮಾಡಿ, 'ಮುಂದೆ ತಿರುಗಿಸಲು ಜಾಗ ಇಷ್ಟು ದೂರದಲ್ಲಿ' ಅಂತ ಬರೆಯಿರಿ. ಚರಂಡಿ ಕೆಲಸ ಮೇ ತಿಂಗಳಲ್ಲೇ ಮುಗಿಯಲಿ.

ಇದರಲ್ಲಿ ಕೋಟಿಗಟ್ಟಲೆ ಹಣ ಬೇಡುವುದು ಬಹುಶಃ ಕೊನೆಯ ಎರಡೇ.

ಈ ಪತ್ರಕ್ಕೆ ಉತ್ತರ ಬರುತ್ತದೆ ಎಂದು ನಂಬಿದ್ದೇನೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಾಗಾಗಿ ಈಚೆಯ ಕಚೇರಿಗಳ ಉತ್ತರ ಕನ್ನಡದಲ್ಲಿ ಬರಲಿ. ಆಚೆಯ ಕಚೇರಿಗಳವರು ತಮ್ಮ ಉತ್ತರದ ಒಂದು ಪ್ರತಿಯನ್ನು ಮಲಯಾಳದಲ್ಲೂ ಪ್ರಕಟಿಸಲಿ, ಕೋಝಿಕ್ಕೋಡಿನ ಆ ಕುಟುಂಬಕ್ಕೆ ನಾನೇ ಕಳಿಸಿಕೊಡುತ್ತೇನೆ. ಅವರ ನಂಬರ್ ನನ್ನ ಹತ್ತಿರ ಇದೆ. ಮುಂದಿನ ಆಟಿಯಲ್ಲಿ ಭಾಗಮಂಡಲಕ್ಕೆ ಹೋಗಬಹುದಾ ಅಂತ ಈಗಲೇ ಕೇಳುತ್ತಿದ್ದಾರೆ. ನಿಮ್ಮ ಉತ್ತರ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮುಳ್ಳೇರಿಯದ ಒಬ್ಬ ಕೃಷಿಕ, ಕಾಸರಗೋಡು